ಸಸ್ಯಕೋಶಗಳ ಹೆಸರೂ ಕೆಲಸವೂ

(ಬಾನುಲಿ ಭಾಷಣ)

‘ಕೋಶ’ ಎಂಬ ಮಾತಿಗೆ ನಮ್ಮ ನಿಘಂಟುಗಳು ಕೊಡುವ ಅರ್ಥಗಳು ಒಂದೆರಡಲ್ಲ. ಅರಸನ ಬೊಕ್ಕಸ ಕೋಶ. ಕತ್ತಿಯ ಒರೆ ಕೋಶ. ರೇಷ್ಮೆಯ ಹುಳು ತನ್ನ ಸುತ್ತ ತಾನೇ ಕಟ್ಟಿಕೊಳ್ಳುವ ಗೂಡು ಕೋಶ. ವೇದಾಂತಿಗಳು ಅನ್ನಮಯದಿಂದ ಆನಂದಮಯದವರೆಗೆ ಐದು ಕೋಶಗಳನ್ನು ಎಣಿಸುತ್ತಾರೆ. ಪದಗಳನ್ನು ಕೂಡಿಟ್ಟ ನಿಘಂಟೂ ಒಂದು ಕೋಶವೆ. ಅಮರಸಿಂಹನ ಗ್ರಂಥವನ್ನು ಲೋಕ ಅಮರಕೋಶವೆಂದೇ ಕರೆಯುತ್ತದೆ. ಇಷ್ಟೆಲ್ಲ ಅರ್ಥಗಳಲ್ಲಿಯೂ ಸಮಾನವಾದ ಒಂದು ಅಂಶವುಂಟು: ಕೋಶವೆಂದ ಮೇಲೆ ಅದರೊಳಗೆ ಬೆಲೆಯುಳ್ಳದ್ದು ಏನೋ ಒಂದು ಇರಬೇಕು. ಇಂಗ್ಲಿಷಿನ ‘ಸೆಲ್’ ಹಾಗಲ್ಲ. ಅದರ ಮೂಲವಾದ ಲ್ಯಾಟಿನ್ ಮಾತಿಗೆ ಸಣ್ಣ ಕೊಠಡಿ ಎಂದರ್ಥ. ಸಂನ್ಯಾಸಿಯ ಕೋಣೆ, ಸೆರೆಮನೆಯ ಕೋಣೆ, ಜೇನುಹುಟ್ಟಿನ ಕಣ್ಣು, ಇವೆಲ್ಲವೂ ಸೆಲ್ಲುಗಳೇ. ಕೊಠಡಿಯಲ್ಲಿ ಯಾರಾದರೂ ಇರಬಹುದು, ಇಲ್ಲದೆಯೂ ಇರಬಹುದು.

ಗಿಡಮರಗಳ ಒಳಗನ್ನು ಸೀಳಿ ನೋಡಿದವರ ಮುನ್ನೂರೈವತ್ತು ವರ್ಷಗಳ ಚರಿತ್ರೆಯನ್ನು ಓದುತ್ತ ಹೋದರೆ ಈ ಎರಡು ಅರ್ಥಗಳ ನಡುವಣ ಜಗ್ಗಾಟವೇ ಅಲ್ಲಿ ಉದ್ದಕ್ಕೂ ನಡೆದಿದೆಯೇನೋ ಎನ್ನಿಸುತ್ತದೆ. ಕೊಠಡಿ ಬರಿದೋ ತುಂಬಿದೆಯೋ, ತುಂಬಿದ್ದರೆ ಏನು ಮಾಡುತ್ತದೆ, ಬರಿದಾಗಿದ್ದರೆ ಅದರಿಂದೇನು ಪ್ರಯೋಜನ? ನಾನು ಸಸ್ಯಶಾಸ್ತ್ರಜ್ಞನಲ್ಲ, ಮೂರು ದಶಕಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಪದಗಳ ಬೆನ್ನು ಹತ್ತಿ ಹೋಗುವ ಚಟವೊಂದೇ ನನಗೆ ಈ ಕಾಡಿನಲ್ಲಿ ಕಾಲುದಾರಿ. ಆ ದಾರಿಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಆರಂಭವಾದದ್ದು ಸೀಸೆಗೆ ಹಾಕುವ ಬೆಂಡಿನ ಬಿರಡೆಯಿಂದ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುವ ಕೆಲಸಕ್ಕೆ ನೇಮಕಗೊಂಡಿದ್ದ ರಾಬರ್ಟ್ ಹುಕ್, ಇನ್ನೂ ಮೂವತ್ತು ತುಂಬದ ತರುಣ, 1665ರಲ್ಲಿ ‘ಮೈಕ್ರೊಗ್ರಾಫಿಯ’ ಎಂಬ ಪುಸ್ತಕವನ್ನು ಪ್ರಕಟಿಸಿದ. ಹರಿತವಾದ ಚೂರಿಯಿಂದ ಬೆಂಡಿನ ತೆಳ್ಳನೆಯ ಬಿಲ್ಲೆಯೊಂದನ್ನು ತೆಗೆದು, ಕಪ್ಪು ತಟ್ಟೆಯ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವನಿಗೆ ಜೇನುಹುಟ್ಟನ್ನು ಹೋಲುವ ಸಾಲುಸಾಲು ಗೂಡುಗಳು ಕಂಡವು. ಅವಕ್ಕೆ ‘ಸೆಲ್’ ಎಂದು ಹೆಸರಿಟ್ಟ. ಲೆಕ್ಕಾಚಾರದ ಮನುಷ್ಯ, ಅಂಗುಲದುದ್ದಕ್ಕೆ ಸಾವಿರಕ್ಕೂ ಹೆಚ್ಚು ಗೂಡುಗಳಿವೆಯೆಂದು ಎಣಿಸಿ, ಒಂದು ಘನ ಅಂಗುಲದಲ್ಲಿ ನೂರಿಪ್ಪತ್ತು ಕೋಟಿಗೂ ಮಿಕ್ಕಿವೆ ಎಂದು ಗುಣಾಕಾರ ಮಾಡಿ ತೋರಿಸಿದ. ಬೆಂಡು ಏಕೆ ಹಗುರ, ಏಕೆ ತೇಲುತ್ತದೆ, ಅದುಮಿದರೆ ಏಕೆ ಮತ್ತೆ ಉಬ್ಬುತ್ತದೆ ಎಂಬುದಕ್ಕೆಲ್ಲ ಗೂಡಿನೊಳಗೆ ಸಿಕ್ಕಿಕೊಂಡಿರುವ ಗಾಳಿಯೇ ಕಾರಣವೆಂದು ಅವನು ಹೇಳಿದ್ದು ಇಂದಿಗೂ ಸರಿಯಾದ ಮಾತು. ಬೆಂಡೆಂದರೆ ಓಕ್ ಜಾತಿಯ ಒಂದು ಮರದ ತೊಗಟೆ. ಆ ಗೂಡುಗಳು ಸತ್ತ ಕೋಶಗಳ ಗೋಡೆಗಳು. ಒಳಗಿದ್ದ ಜೀವ ಎಂದೋ ಹೋಗಿತ್ತು. ಹಸುರು ಗಿಡಗಳಲ್ಲಿ ಇಂಥವೇ ಗೂಡುಗಳು ರಸದಿಂದ ತುಂಬಿರುವುದನ್ನೂ ಹುಕ್ ಕಂಡು ಬರೆದಿದ್ದಾನೆ. ಆದರೆ ಹೆಸರು ಬಂದದ್ದು ಬರಿದಾದ ಮನೆಯಿಂದ. ಜೀವಶಾಸ್ತ್ರದ ಅತಿ ಮುಖ್ಯವಾದ ಪದವೊಂದು ಜೀವವಿಲ್ಲದ ವಸ್ತುವಿನಿಂದ ಹುಟ್ಟಿತೆಂಬುದು ಸ್ವಾರಸ್ಯವಲ್ಲವೆ?

ಹುಕ್‌ನದು ಒಂದು ನೋಟ, ಅಷ್ಟೆ. ಗಿಡದ ಒಳಗನ್ನು ಬೇರಿನಿಂದ ಬೀಜದವರೆಗೆ ಪಟ್ಟು ಹಿಡಿದು ಕೊಯ್ದು ನೋಡಿದವರು ಇಬ್ಬರು ವೈದ್ಯರು: ಇಂಗ್ಲೆಂಡಿನ ನೆಹೆಮಾಯ ಗ್ರೂ, ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ. ಒಬ್ಬರನ್ನೊಬ್ಬರು ಅರಿಯದೆ ಇಬ್ಬರೂ ಒಂದೇ ಕೆಲಸದಲ್ಲಿ ತೊಡಗಿದ್ದರು. ಗ್ರೂನ ಮೊದಲ ಪುಸ್ತಕ ಅಚ್ಚಾಗಿ ರಾಯಲ್ ಸೊಸೈಟಿಯ ಮುಂದೆ ಬಂದ ದಿನವೇ, ಅಂದರೆ 1671ರ ಡಿಸೆಂಬರ್ 7ರಂದು, ಬೊಲೋನದಿಂದ ಮಾಲ್ಪೀಗಿಯ ಹಸ್ತಪ್ರತಿಯೂ ಅಲ್ಲಿಗೆ ಬಂದು ಮುಟ್ಟಿತು. ಇಂಥ ಸಂದರ್ಭದಲ್ಲಿ ವಿದ್ವಾಂಸರು ಜಗಳವಾಡುವುದೇ ರೂಢಿ. ಇವರು ಜಗಳವಾಡಲಿಲ್ಲ, ಒಬ್ಬನ ಕೆಲಸವನ್ನು ಇನ್ನೊಬ್ಬ ಗೌರವದಿಂದ ಕಂಡ. ಮಾಲ್ಪೀಗಿಯ ಗ್ರಂಥದ ಎರಡು ಭಾಗಗಳನ್ನು 1675ರಲ್ಲಿಯೂ 1679ರಲ್ಲಿಯೂ ಅಚ್ಚು ಹಾಕಿಸಿದ್ದು ಅದೇ ಲಂಡನ್ನಿನ ಸೊಸೈಟಿ. ಗ್ರೂನ ದೊಡ್ಡ ಗ್ರಂಥ 1682ರಲ್ಲಿ ಹೊರಬಂದಿತು.

ಗ್ರೂ ಬಳಸಿದ ಒಂದು ಉಪಮೆ ನನಗೆ ಬಹಳ ಹಿಡಿಸಿತು. ಗಿಡದ ಮೆತ್ತನೆಯ ಭಾಗವನ್ನು ಅವನು ಹೆಂಗಸರು ದಿಂಬಿನ ಮೇಲಿಟ್ಟು ಹೆಣೆಯುವ ನವಿರಾದ ಲೇಸ್ ಕಸೂತಿಗೆ ಹೋಲಿಸುತ್ತಾನೆ. ಮುಂದೆ ದೇಹದ ಭಾಗಗಳಿಗೆ ‘ಟಿಶ್ಯೂ’ ಎಂಬ ಮಾತು ನಿಂತಿತಷ್ಟೆ. ಫ್ರೆಂಚಿನಲ್ಲಿ ಅದಕ್ಕೆ ನೇಯ್ದದ್ದು ಎಂದರ್ಥ. ನಮ್ಮ ಪಠ್ಯಪುಸ್ತಕಗಳು ಅದನ್ನು ‘ಅಂಗಾಂಶ’ ಎಂದು ಮಾಡಿಕೊಂಡವು. ಅಂಗದ ಅಂಶ ಎಂಬುದು ತರ್ಕಕ್ಕೆ ಸರಿ. ಮಗ್ಗದ ಸದ್ದು ಮಾತ್ರ ಅಲ್ಲಿ ಕೇಳಿಸುವುದಿಲ್ಲ.

ಗ್ರೂ ಈ ಮೆತ್ತನೆಯ ಭಾಗಕ್ಕೆ ಕೊಟ್ಟ ಹೆಸರು ‘ಪೇರಂಕೈಮ’. ಅದು ಅವನು ಹೊಸದಾಗಿ ಮಾಡಿದ ಮಾತಲ್ಲ, ಪ್ರಾಣಿಗಳ ಅಂಗರಚನಾಶಾಸ್ತ್ರದಿಂದ ಎರವಲು ತಂದದ್ದು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಗ್ರೀಕ್ ವೈದ್ಯ ಎರಾಸಿಸ್ಟ್ರಾಟಸ್, ಯಕೃತ್ತಿನಂಥ ಅಂಗಗಳ ಮಾಂಸವೆಂದರೆ ರಕ್ತನಾಳಗಳಿಂದ ಹೊರಚೆಲ್ಲಿ ಹೆಪ್ಪುಗಟ್ಟಿದ ಪದಾರ್ಥವೆಂದು ನಂಬಿ, ‘ಪಕ್ಕದಲ್ಲಿ ಸುರಿದದ್ದು’ ಎಂಬರ್ಥದಲ್ಲಿ ಹಾಗೆ ಕರೆದಿದ್ದ. ಮುಖ್ಯವಾದದ್ದು ನಾಳ, ಸಂದಿಯಲ್ಲಿ ತುಂಬಿಕೊಂಡದ್ದು ಪೇರಂಕೈಮ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಗೋಡೆಯ ಕಲ್ಲುಗಳ ನಡುವೆ ಮೆತ್ತಿದ ಗಾರೆ. ಎಲೆಯಲ್ಲಿ ಬಿಸಿಲನ್ನು ಹಿಡಿದು ಸಕ್ಕರೆ ಮಾಡುವುದು, ಆಲೂಗೆಡ್ಡೆಯಲ್ಲಿ ಹಿಟ್ಟು ಕೂಡಿಡುವುದು, ಲೋಳೆಸರದಲ್ಲಿ ನೀರು ಹಿಡಿದಿಡುವುದು, ಗಾಯ ಮಾಯಿಸುವುದು, ಇವೆಲ್ಲವೂ ಈ ‘ಗಾರೆ’ಯ ಕೆಲಸಗಳು. ಹೆಸರಿಟ್ಟವರಿಗೆ ಅದು ಗೊತ್ತಿರಲಿಲ್ಲ. ತೆಳುಗೋಡೆಯ, ವಿಶೇಷ ಲಕ್ಷಣವೇನೂ ಇಲ್ಲದ ಈ ಬಡ ಕೋಶದ ಕಥೆಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಹೆಸರುಗಳ ವಿಷಯ ಬಂದಿತಾದ್ದರಿಂದ ಇನ್ನೆರಡನ್ನು ಇಲ್ಲಿಯೇ ಮುಗಿಸೋಣ. ತುಳಸಿಯ ಎಳೆಯ ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದವರಿಗೆ ಅದು ಗುಂಡಗಿಲ್ಲ, ನಾಲ್ಕು ಮೂಲೆಯುಳ್ಳದ್ದು ಎಂಬುದು ತಿಳಿದಿರುತ್ತದೆ. ಆ ಮೂಲೆಗಳಲ್ಲಿ ಗಿಡವು ಒಂದು ಬಗೆಯ ಕೋಶಗಳನ್ನು ಕಂಬಗಳಂತೆ ನಿಲ್ಲಿಸಿದೆ. ಕೊತ್ತಂಬರಿಯ ದಂಟಿನ ಗೆರೆಗಳಲ್ಲಿರುವುದೂ ಅವೇ. ಅವುಗಳ ಗೋಡೆ ಮೂಲೆಗಳಲ್ಲಿ ದಪ್ಪ, ಮಿಕ್ಕೆಡೆ ತೆಳುವು. ಕೋಶ ಬದುಕಿಯೇ ಇರುತ್ತದೆ. ಗಾಳಿಗೆ ಬಾಗುತ್ತದೆ, ಗಿಡ ಬೆಳೆದಂತೆ ತಾನೂ ಹಿಗ್ಗುತ್ತದೆ. 1830ರ ದಶಕದಲ್ಲಿ ಜರ್ಮನಿಯ ಲಿಂಕ್ ಎಂಬ ವಿದ್ವಾಂಸ ಇದಕ್ಕೆ ಗ್ರೀಕಿನ ಅಂಟು ಎಂಬ ಮಾತಿನಿಂದ ‘ಕೋಲಂಕೈಮ’ ಎಂಬ ಹೆಸರು ಮಾಡಿದ. ಬೆಳವಣಿಗೆ ನಿಂತ ಭಾಗಗಳಿಗೆ ಇಷ್ಟು ಮೃದುವಾದ ಆಸರೆ ಸಾಲದು. ಅಲ್ಲಿ ಕೋಶ ತನ್ನ ಗೋಡೆಯನ್ನು ಒಳಮುಖವಾಗಿ ದಪ್ಪ ಮಾಡುತ್ತ, ಸಾಮಾನ್ಯವಾಗಿ ಲಿಗ್ನಿನ್ ಎಂಬ ಗಡಸು ವಸ್ತುವನ್ನು ತುಂಬುತ್ತ ಹೋಗಿ, ಕೊನೆಗೆ ಆ ಗೋಡೆಯೇ ತಾನಾಗಿ ಸಾಯುತ್ತದೆ. 1865ರಲ್ಲಿ ಮೆಟೇನಿಯಸ್ ಕೊಟ್ಟ ಹೆಸರು ‘ಸ್ಕ್ಲೀರಂಕೈಮ’, ಗಡಸಾದದ್ದು ಎಂಬರ್ಥ.

ಶಾಲೆಯ ಹುಡುಗರು ಈ ಮೂರು ‘ಕೈಮ’ಗಳನ್ನು ಉರು ಹೊಡೆಯುವುದನ್ನು ನಾನು ಕೇಳಿದ್ದೇನೆ. ಅವರ ಅಜ್ಜಂದಿರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ವಸ್ತು ಮಾತ್ರ ಚೆನ್ನಾಗಿ ಗೊತ್ತಿತ್ತು. ಸೀಬೆಹಣ್ಣು ತಿನ್ನುವಾಗ ಹಲ್ಲಿಗೆ ಸಿಗುವ ಮರಳು ಗಡಸು ಕೋಶಗಳ ಗುಂಪು. ತೆಂಗಿನ ಕರಟವೆಲ್ಲ ಅದೇ. ಉತ್ತರ ಕರ್ನಾಟಕದ ರೈತ ಪುಂಡಿಯ ಗಿಡವನ್ನು ಕಟ್ಟು ಕಟ್ಟಿ ನೀರಿನಲ್ಲಿ ಕೊಳೆಹಾಕಿದಾಗ ತೆಳುಗೋಡೆಯ ಮೆತ್ತನೆಯ ಭಾಗವೂ ಕೋಶಗಳನ್ನು ಒಂದಕ್ಕೊಂದು ಅಂಟಿಸಿದ ಪದಾರ್ಥವೂ ಸೂಕ್ಷ್ಮಜೀವಿಗಳ ಪಾಲಾಗಿ, ಉದ್ದನೆಯ ಗಡಸು ಕೋಶಗಳ ಎಳೆಗಳು ಮಾತ್ರ ಉಳಿದುಕೊಳ್ಳುತ್ತವೆ. ಅದೇ ನಾರು. ಯಾವ ಅಂಗಾಂಶ ಕರಗುತ್ತದೆ, ಯಾವುದು ಉಳಿಯುತ್ತದೆ ಎಂಬ ಪ್ರಯೋಗವನ್ನು ಸೂಕ್ಷ್ಮದರ್ಶಕವಿಲ್ಲದೆಯೇ ಮಾಡಿದವರು ಅವರು. ನಾರು, ತಿರುಳು, ತೊಗಟೆ, ಸೊನೆ, ಚೇಗು, ಕೆಚ್ಚು, ಬೆಂಡು—ಇವು ಕೈಯಿಂದ ಮುಟ್ಟಿ, ಹಲ್ಲಿನಿಂದ ಕಡಿದು, ಕೊಡಲಿಯಿಂದ ಸೀಳಿ ಮಾಡಿಕೊಂಡ ವಿಂಗಡಣೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದಾಗಿನಿಂದ ಪರಿಭಾಷೆಯ ಚರ್ಚೆ ನಮ್ಮಲ್ಲಿ ನಡೆದೇ ಇದೆ. ಗ್ರೀಕ್ ಪದ ಬೇಡವೆಂದು ನಾನು ಹೇಳುವವನಲ್ಲ. ಆದರೆ ಸ್ಕ್ಲೀರಂಕೈಮ ಎನ್ನುವ ಮೊದಲು ಮಕ್ಕಳ ಕೈಗೆ ಒಂದು ಕರಟವನ್ನೋ ಒಂದು ಎಳೆ ನಾರನ್ನೋ ಕೊಡುವ ಮೇಷ್ಟರು ಹೆಚ್ಚು ಪಾಠ ಹೇಳಿದಂತಾಗುತ್ತದೆ.

ಇನ್ನು ಹತ್ತಿಯ ಮಾತು. ಹತ್ತಿಯ ಎಳೆ ನಾರೆಂದು ಕರೆಸಿಕೊಂಡರೂ ಈ ಗಡಸು ನಾರಿನ ಕುಲದ್ದಲ್ಲ. ಬೀಜದ ಹೊರಚರ್ಮದ ಒಂದೊಂದು ಕೋಶವೂ ಕೂದಲಿನಂತೆ ಉದ್ದವಾಗಿ ಬೆಳೆದದ್ದು ಅದು. ಅಂಗುಲದಷ್ಟು ಉದ್ದದ ಒಂದು ಎಳೆ, ಒಂದೇ ಕೋಶ. ಹುಕ್‌ನ ಬೆಂಡಿನಲ್ಲಾದರೆ ಅಷ್ಟು ಉದ್ದಕ್ಕೆ ಸಾವಿರ ಕೋಶಗಳಿದ್ದವು. ಕಳ್ಳಿಯನ್ನು ಮುರಿದಾಗ ಹಾಲು ಸುರಿಯುತ್ತದಲ್ಲ, ಅದನ್ನು ತುಂಬಿಕೊಂಡ ಕೋಶಗಳು ಇದನ್ನೂ ಮೀರಿಸುತ್ತವೆ: ಗಿಡ ಮೊಳಕೆಯಾಗುವ ಮೊದಲೇ ಹುಟ್ಟಿ, ಗಿಡ ಬೆಳೆದಂತೆ ಕವಲೊಡೆದು, ಇಡೀ ಗಿಡದಲ್ಲಿ ಹರಡಿಕೊಳ್ಳುತ್ತವೆ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೇರಿನ ನೀರು ಮರದ ತುದಿಗೆ ಏರುವುದು ಹೇಗೆ, ಏರಿಸುವ ಕೋಶ ಯಾವುದು?

ಮಾಲ್ಪೀಗಿ ಮೆಸ್ಸೀನದಲ್ಲಿದ್ದಾಗ ತೋಟವೊಂದರಲ್ಲಿ ಚೆಸ್ಟ್‌ನಟ್ ಮರದ ಮುರಿದ ಕೊಂಬೆಯಿಂದ ಎಳೆಯೊಂದು ಹೊರಚಾಚಿಕೊಂಡಿದ್ದುದನ್ನು ಕಂಡ. ಭೂತಗನ್ನಡಿಯಲ್ಲಿ ನೋಡಿದರೆ ಅದೊಂದು ಸುರುಳಿ. ರೇಷ್ಮೆಹುಳುವನ್ನು ಕೊಯ್ದು ನೋಡಿ 1669ರಲ್ಲಿ ಅದರ ಮೇಲೆ ಪ್ರಸಿದ್ಧ ಗ್ರಂಥ ಬರೆದ ಮಹಾಶಯ ಅವನು. ಹುಳುವಿನ ಉಸಿರುನಾಳದಲ್ಲೂ ಅಂಥದೇ ಸುರುಳಿ ಉಂಟು. ಆದ್ದರಿಂದ ಗಿಡದ ಈ ಕೊಳವೆಗಳೂ ಗಾಳಿಯಾಡುವ ಶ್ವಾಸನಾಳಗಳೆಂದು ನಿರ್ಣಯಿಸಿ ‘ಟ್ರೇಕಿಯ’ ಎಂದು ಹೆಸರಿಟ್ಟ. ಅದರಲ್ಲಿ ಓಡುವುದು ಗಾಳಿಯಲ್ಲ, ನೀರು. ಹೆಸರಿನೊಳಗೆ ಮಾತ್ರ ಆ ಗಾಳಿ ಇಂದಿಗೂ ಉಳಿದುಕೊಂಡಿದೆ; ಪಠ್ಯಪುಸ್ತಕದ ‘ಟ್ರೇಕೀಡ್’ ಅದರದೇ ಮರಿ. ಹೋಲಿಕೆ ಪೂರ್ತಿ ತಪ್ಪೂ ಅಲ್ಲ. ಹುಳುವಿನಲ್ಲಾಗಲಿ ಮರದಲ್ಲಾಗಲಿ ಕೊಳವೆ ಕುಸಿದು ಮುಚ್ಚಿಕೊಳ್ಳದಂತೆ ತಡೆಯುವುದೇ ಆ ಸುರುಳಿಯ ಕೆಲಸ.

ಮಾಲ್ಪೀಗಿ ಇನ್ನೊಂದು ಒಳ್ಳೆಯ ಪ್ರಯೋಗ ಮಾಡಿದ. ಕೊಂಬೆಯ ಸುತ್ತ ಉಂಗುರದಂತೆ ತೊಗಟೆಯನ್ನು ಸುಲಿದು ಬಿಟ್ಟರೆ, ಕೊಂಬೆ ಕೂಡಲೆ ಬಾಡುವುದಿಲ್ಲ. ಉಂಗುರದ ಮೇಲ್ಬದಿ ದಪ್ಪಗೆ ಊದಿಕೊಳ್ಳುತ್ತದೆ. ಎಂದರೆ ನೀರು ಒಳಗಿನ ಮರದಲ್ಲಿ ಏರುತ್ತಿದೆ, ಎಲೆಯಲ್ಲಿ ಅಡಿಗೆಯಾದ ಆಹಾರ ತೊಗಟೆಯಲ್ಲಿ ಇಳಿಯುತ್ತಿದೆ. 1727ರಲ್ಲಿ ಟೆಡಿಂಗ್ಟನ್ನಿನ ಪಾದ್ರಿ ಸ್ಟೀಫನ್ ಹೇಲ್ಸ್, ಸೂರ್ಯಕಾಂತಿ ಗಿಡವನ್ನು ಕುಂಡದ ಸಮೇತ ತೂಗಿ ತೂಗಿ, ಗಾತ್ರಕ್ಕೆ ಗಾತ್ರ ಹೋಲಿಸಿದರೆ ಗಿಡವು ಮನುಷ್ಯನ ಹದಿನೇಳು ಪಾಲು ಬೆವರುತ್ತದೆಂದು ಲೆಕ್ಕ ಕೊಟ್ಟ. ತೊಗಟೆಯ ಕಡೆಯ ಕೊಳವೆಗಳನ್ನು, ಅಡ್ಡಗೋಡೆಗಳಲ್ಲಿ ಜರಡಿಯಂತೆ ತೂತುಗಳುಳ್ಳವನ್ನು, 1837ರಲ್ಲಿ ಕಂಡುಹಿಡಿದವನು ಅರಣ್ಯಶಾಸ್ತ್ರಜ್ಞ ಟೇಯೊಡೋರ್ ಹಾರ್ಟಿಗ್. 1858ರಲ್ಲಿ ನೇಗೆಲಿ ಎಂಬ ಸ್ವಿಸ್ ವಿದ್ವಾಂಸ ಎರಡಕ್ಕೂ ಹೆಸರಿಟ್ಟ: ಮರವೆಂಬರ್ಥದ ಗ್ರೀಕ್ ಮಾತಿನಿಂದ ಕ್ಸೈಲಂ, ತೊಗಟೆಯೆಂಬರ್ಥದ ಮಾತಿನಿಂದ ಫ್ಲೋಯಂ. ಸದಾ ಒಡೆದು ಹೊಸ ಕೋಶಗಳನ್ನು ಮಾಡುತ್ತಿರುವ ತುದಿಯ ಭಾಗಗಳಿಗೆ ‘ಮೆರಿಸ್ಟೆಮ್’ ಎಂಬ ಹೆಸರೂ ಅವನದೇ. ಕನ್ನಡದಲ್ಲಿ ಅದು ವರ್ಧನ ಅಂಗಾಂಶವಾಗಿದೆ.

ಇಷ್ಟರಲ್ಲಿ ಬರಿದಾದ ಕೊಠಡಿ ಎಂಬ ಭಾವನೆ ತಲೆಕೆಳಗಾಗಿತ್ತು. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್‌ಗಳ ಕೋಶಗಳೊಳಗೆ ನ್ಯೂಕ್ಲಿಯಸ್ ಎಂಬ ದುಂಡನೆಯ ವಸ್ತುವನ್ನು ಗುರುತಿಸಿದ. 1838ರಲ್ಲಿ ಶ್ಲೈಡೆನ್ ಸಸ್ಯಗಳೆಲ್ಲವೂ, ಮರುವರ್ಷ ಶ್ವಾನ್ ಪ್ರಾಣಿಗಳೆಲ್ಲವೂ ಕೋಶಗಳಿಂದಲೇ ಆದವೆಂದು ಸಾರಿದರು. 1846ರಲ್ಲಿ ಫಾನ್ ಮೋಲ್ ಗಿಡದ ಕೋಶದ ಒಳಗಣ ಜಿಗುಟಾದ ಜೀವದ್ರವ್ಯಕ್ಕೆ ‘ಪ್ರೋಟೊಪ್ಲಾಸಂ’ ಎಂಬ ಹೆಸರನ್ನು ಬಳಸಿದ. ಗೋಡೆ ಹಿಂದಾಯಿತು, ಒಳಗಿನದು ಮುಂದಾಯಿತು. ‘ಸೆಲ್’ ಹೆಸರಿನಲ್ಲಿ ಸೆಲ್ಲಾಗಿಯೇ ಉಳಿದು ಅರ್ಥದಲ್ಲಿ ಕೋಶವಾಯಿತು ಎನ್ನಬಹುದು.

ಹೀಗಾದ ಮೇಲೆ ನೀರೇರಿಸುವ ಕೆಲಸವನ್ನೂ ಜೀವವುಳ್ಳ ಕೋಶಕ್ಕೆ ಒಪ್ಪಿಸುವುದು ಸಹಜವೇ ಆಗಿತ್ತು. ನೂರು ಮೀಟರಿಗೂ ಎತ್ತರದ ಮರಗಳುಂಟು. ವಾಯುಭಾರ ನೀರನ್ನು ಹತ್ತು ಮೀಟರಿಗಿಂತ ಮೇಲಕ್ಕೆ ಎತ್ತಲಾರದು. ಮರದೊಳಗೆ ಹೃದಯವಿಲ್ಲ, ರಾಟೆಯಿಲ್ಲ. ಹಾಗಾದರೆ ಕೊಳವೆಗಳ ಪಕ್ಕದ ಜೀವಂತ ಕೋಶಗಳೇ ನೀರನ್ನು ಒಂದರಿಂದ ಒಂದಕ್ಕೆ ಎತ್ತಿ ಹಾಕುತ್ತಿರಬೇಕೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಲವರು ನಂಬಿದ್ದರು. ಬಾನ್ ನಗರದ ಎಡ್ವರ್ಡ್ ಸ್ಟ್ರಾಸ್‌ಬುರ್ಗರ್ ಇದನ್ನು ಪರೀಕ್ಷಿಸಿದ ರೀತಿ ಕಠೋರವಾದರೂ ಸರಳವಾಗಿತ್ತು. ಇಪ್ಪತ್ತು ಮೀಟರಿಗೂ ಮಿಕ್ಕ ಎತ್ತರದ ಮರವನ್ನು ಬುಡದಲ್ಲಿ ಕಡಿಸಿ, ಕಡಿದ ಬುಡವನ್ನು ವಿಷದ ದ್ರಾವಣದಲ್ಲಿ ನಿಲ್ಲಿಸಿದ. ವಿಷ ಏರಿತು, ಏರುತ್ತ ದಾರಿಯಲ್ಲಿದ್ದ ಜೀವಂತ ಕೋಶಗಳನ್ನೆಲ್ಲ ಕೊಂದಿತು, ಕೊಂದ ಮೇಲೆಯೂ ಏರುತ್ತಲೇ ಹೋಯಿತು. ಎಲೆಗಳನ್ನು ಮುಟ್ಟಿ, ಎಲೆಗಳು ಸತ್ತ ಮೇಲಷ್ಟೆ ನಿಂತಿತು. ಈ ಪ್ರಯೋಗಗಳನ್ನು ಅವನು 1890ರ ದಶಕದ ಆರಂಭದಲ್ಲಿ ಪ್ರಕಟಿಸಿದ. 1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಇದಕ್ಕೆ ವಿವರಣೆ ಕೊಟ್ಟರು. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಎಲೆಯ ಕೋಶಗಳ ಒದ್ದೆ ಗೋಡೆಯಿಂದ ನೀರು ಆವಿಯಾದಂತೆ ಕೊಳವೆಯ ಉದ್ದಕ್ಕೂ ನೀರಿನ ಎಳೆ, ಬಾವಿಯ ಹಗ್ಗದಂತೆ, ಮೇಲಕ್ಕೆ ಸೆಳೆಯಲ್ಪಡುತ್ತದೆ. ಕೆಳಗಿನಿಂದ ಯಾರೂ ತಳ್ಳಬೇಕಾಗಿಲ್ಲ.

ಈ ಕೊಳವೆ ಸಿದ್ಧವಾಗುವ ಬಗೆಯನ್ನು ಕೇಳಿ. ಎಳೆಯ ಕೋಶವೊಂದು ಉದ್ದವಾಗುತ್ತದೆ. ಗೋಡೆಯ ಒಳಗೆ ಉಂಗುರಗಳನ್ನೋ ಸುರುಳಿಗಳನ್ನೋ ಕಟ್ಟಿ ಲಿಗ್ನಿನ್ನಿನಿಂದ ಗಟ್ಟಿಮಾಡುತ್ತದೆ. ಮೇಲೆ ಕೆಳಗೆ ತನ್ನಂಥವೇ ಕೋಶಗಳಿರುವ ಕಡೆ ಅಡ್ಡಗೋಡೆಯನ್ನು ಕರಗಿಸುತ್ತದೆ. ಇಷ್ಟೆಲ್ಲ ಮುಗಿದ ಮೇಲೆ ತನ್ನ ನ್ಯೂಕ್ಲಿಯಸ್ಸನ್ನೂ ಜೀವದ್ರವ್ಯವನ್ನೂ ತಾನೇ ಜೀರ್ಣಿಸಿಕೊಂಡು ಸಾಯುತ್ತದೆ. ಒಳಗಿನ ಜೀವ ಇದ್ದಷ್ಟು ಕಾಲ ಅದರಲ್ಲಿ ನೀರು ಸರಾಗವಾಗಿ ಹರಿಯಲಾರದು. ಅದರ ಉದ್ಯೋಗ ಆರಂಭವಾಗುವುದೇ ಅದು ಸತ್ತ ಮೇಲೆ. ಮರದ ನಡುವಿನ ಗಟ್ಟಿ ಭಾಗದಲ್ಲಂತೂ ಬದುಕಿರುವ ಕೋಶ ಒಂದೂ ಇಲ್ಲ, ಕೊಳವೆಗಳ ಕೆಲಸವೂ ಅಲ್ಲಿ ಮುಗಿದಿರುತ್ತದೆ. ಅದನ್ನು ಕನ್ನಡದಲ್ಲಿ ಕೆಚ್ಚು ಎನ್ನುತ್ತೇವೆ. ಧೈರ್ಯಕ್ಕೂ ಅದೇ ಮಾತು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಒಪ್ಪದವರಲ್ಲಿ ನಮ್ಮ ಜಗದೀಶಚಂದ್ರ ಬೋಸರೂ ಒಬ್ಬರು. ಕಲ್ಕತ್ತೆಯಲ್ಲಿ ತಾವು 1917ರಲ್ಲಿ ಸ್ಥಾಪಿಸಿದ ಸಂಶೋಧನಾ ಮಂದಿರದಿಂದ 1923ರಲ್ಲಿ ಅವರು ರಸಾರೋಹಣವನ್ನು ಕುರಿತ ಗ್ರಂಥವನ್ನೇ ಹೊರತಂದರು. ಕಾಂಡದ ತೊಗಟೆಯ ಒಳಪದರದ ಜೀವಂತ ಕೋಶಗಳು ಹೃದಯದಂತೆ ಮಿಡಿಯುತ್ತವೆ, ಆ ಮಿಡಿತವೇ ರಸವನ್ನು ಮೇಲಕ್ಕೆ ನೂಕುತ್ತದೆ ಎಂಬುದು ಅವರ ವಾದ. ಗಿಡಕ್ಕೂ ನಾಡಿಯುಂಟು, ಮಿಡಿತವುಂಟು ಎಂಬ ಮಾತು ಈ ದೇಶದ ಮನಸ್ಸಿಗೆ ಎಷ್ಟು ಹಿತವಾಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಮರದಲ್ಲಿ ದೇವತೆಯನ್ನು ಕಂಡು ಪ್ರದಕ್ಷಿಣೆ ಹಾಕುವ ಜನ ನಾವು. ಅದೂ ಪರತಂತ್ರ ಭಾರತದ ವಿಜ್ಞಾನಿಯೊಬ್ಬ ಪಶ್ಚಿಮದ ಮುಂದೆ ನಿಂತು ಆಡಿದ ಮಾತು. ಸಾಹಿತಿಗಳಂತೂ ಬೋಸರ ಹೆಸರನ್ನು ಈಗಲೂ ಈ ಅರ್ಥದಲ್ಲಿಯೇ ಎತ್ತುತ್ತಾರೆ. ಮುಟ್ಟಿದರೆ ಮುನಿಯ ಮೊದಲಾದ ಗಿಡಗಳಲ್ಲಿ ವಿದ್ಯುತ್ತಿನ ಸಂಜ್ಞೆಗಳು ಹರಿಯುತ್ತವೆಂದು ಅವರು ತೋರಿಸಿದ್ದು ನಿಂತಿದೆ, ಅದಕ್ಕೆ ಮನ್ನಣೆಯೂ ಇದೆ. ರಸಾರೋಹಣದ ವಾದ ಮಾತ್ರ ನಿಲ್ಲಲಿಲ್ಲ. 1965ರಲ್ಲಿ ಶೋಲಂಡರ್ ಮತ್ತು ಸಂಗಡಿಗರು ಗಗನಚುಂಬಿ ಮರಗಳ ತುದಿಯ ರೆಂಬೆಗಳನ್ನು ಬಂದೂಕಿನಿಂದ ಹೊಡೆದು ಕೆಡವಿ, ಅವುಗಳೊಳಗಿನ ನೀರು ಎಷ್ಟು ಸೆಳೆತದಲ್ಲಿದೆಯೆಂದು ಅಳೆದಾಗ ಡಿಕ್ಸನ್ ಮತ್ತು ಜೋಲಿಯವರ ಪಕ್ಷಕ್ಕೆ ಬಲವಾದ ಸಾಕ್ಷ್ಯ ದೊರೆಯಿತು. ಹೃದಯವಿರುವ ಮರ ಕಾವ್ಯಕ್ಕೆ ಒದಗುತ್ತದೆ, ನಿಜ. ಆದರೆ ತನ್ನನ್ನು ಬರಿದು ಮಾಡಿಕೊಂಡು ದಾರಿಯಾಗುವ ಕೋಶದಲ್ಲಿ ಕಾವ್ಯ ಕಡಮೆಯೆಂದು ನನಗೆ ಅನ್ನಿಸುವುದಿಲ್ಲ. ಬೋಸರ ಮೇಲಿನ ಗೌರವಕ್ಕಾಗಿ ಮರಕ್ಕೆ ಇಲ್ಲದ ಗುಂಡಿಗೆಯನ್ನು ಅಂಟಿಸುವುದು ಅವರಿಗೆ ಸಲ್ಲುವ ಗೌರವವಲ್ಲ.

ಫ್ಲೋಯಂ ಕೋಶದ ಸ್ಥಿತಿ ಇನ್ನೂ ವಿಚಿತ್ರ. ಹಾರ್ಟಿಗ್ ಕಂಡ ಜರಡಿಕೊಳವೆಯ ಕೋಶ ಸಾಯುವುದಿಲ್ಲ. ಆದರೆ ಬಲಿತಾಗ ನ್ಯೂಕ್ಲಿಯಸ್ಸನ್ನು ಕಳೆದುಕೊಂಡಿರುತ್ತದೆ. ಪಕ್ಕದಲ್ಲೇ ಹುಟ್ಟಿದ ಸಂಗಾತಿ ಕೋಶವೊಂದು ಅದರ ಸಂಸಾರವನ್ನು ನೋಡಿಕೊಳ್ಳುತ್ತದೆ. ಇಲ್ಲಿ ಸಕ್ಕರೆಯ ರಸ ಒತ್ತಡದಿಂದ ಹರಿಯುತ್ತದೆಂದು 1930ರಲ್ಲಿ ಮುಂಶ್ ವಾದಿಸಿದ. 1953ರಲ್ಲಿ ಕೆನಡಿ ಮತ್ತು ಮಿಟ್ಲರ್ ಗಿಡಕ್ಕೆ ಕಚ್ಚಿಕೊಂಡ ಸಸ್ಯಹೇನುಗಳನ್ನು ಕತ್ತರಿಸಿ ತೆಗೆದು, ಒಂದೇ ಕೋಶಕ್ಕೆ ಚುಚ್ಚಿ ನಿಂತಿದ್ದ ಅವುಗಳ ಸೂ್ಕ್ಷ್ಮ ಸೊಂಡಿಲಿನಿಂದ ರಸ ತಾನಾಗಿ ಒಸರುವುದನ್ನು ತೋರಿಸಿದರು.

ನೀರುಕೊಳವೆಗಳ ಚರಿತ್ರೆಯಲ್ಲಿ ಕನ್ನಡಿಗರಿಗೆ ಪರಿಚಿತವಾದ ಒಂದು ಹೆಸರಿದೆ. ಪೈನ್ ಮೊದಲಾದ ಮರಗಳಲ್ಲಿ ನೀರು ಹರಿಯುವುದು ಟ್ರೇಕೀಡುಗಳಲ್ಲಿ. ಅವಕ್ಕೆ ತುದಿ ತೆರೆದಿರುವುದಿಲ್ಲ, ಗೋಡೆಯ ಸಣ್ಣ ಕುಳಿಗಳ ಮೂಲಕ ನೀರು ಸಾಗಬೇಕು. ಹೂಬಿಡುವ ಗಿಡಗಳಲ್ಲಿ ಬಹುಪಾಲಿಗೆ ತುದಿ ತೆರೆದ ಅಗಲವಾದ ವಾಹಿನಿಗಳಿವೆ. ಟ್ರೇಕೀಡಿನಿಂದಲೇ ವಾಹಿನಿ ವಿಕಾಸವಾಯಿತೆಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇರ್ವಿಂಗ್ ಬೈಲಿ ಪ್ರತಿಪಾದಿಸಿದ್ದ. ಹಾಗಾದರೆ ವಾಹಿನಿಗಳಿಲ್ಲದ ಹೂಗಿಡವೊಂದು ಸಿಕ್ಕರೆ ಅದು ಬಹಳ ಹಳೆಯ ಕಾಲದ ನೆನಪನ್ನು ಮೈಯಲ್ಲಿ ಉಳಿಸಿಕೊಂಡದ್ದು ಎನ್ನಬಹುದಷ್ಟೆ. ಬೈಲಿಯ ಬಳಿ ಕೆಲಸ ಮಾಡಿದ ಬಿ. ಜಿ. ಎಲ್. ಸ್ವಾಮಿಯವರು ಅವನೊಡನೆ ಸೇರಿ 1950ರಲ್ಲಿ ಸಾರ್‌ಕ್ಯಾಂಡ್ರ ಎಂಬ ಕುಲದಲ್ಲಿ ವಾಹಿನಿಗಳಿಲ್ಲವೆಂದು ಪ್ರಕಟಿಸಿದರು. ಡಿ. ವಿ. ಗುಂಡಪ್ಪನವರ ಮಗನೆಂದೂ ‘ಹಸುರು ಹೊನ್ನು’ ಬರೆದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರೆಂದೂ ಸ್ವಾಮಿಯವರನ್ನು ನಾವು ಬಲ್ಲೆವು. ಮರದ ತೆಳ್ಳನೆಯ ಬಿಲ್ಲೆಗಳ ಮೇಲೆ ಬಗ್ಗಿ ಕುಳಿತ ಸ್ವಾಮಿಯವರನ್ನು ಬಲ್ಲವರು ಕಡಮೆ. ಸಾರ್‌ಕ್ಯಾಂಡ್ರದ ಒಂದು ಪ್ರಭೇದಕ್ಕೆ ಅವರು ಬೈಲಿಯ ಹೆಸರನ್ನೇ ಇಟ್ಟರು. ಅವರು ತೀರಿಕೊಂಡದ್ದು 1980ರಲ್ಲಿ. 1987ರಲ್ಲಿ ಅಮೆರಿಕದ ಷೆರ್ವಿನ್ ಕಾರ್ಲ್‌ಕ್ವಿಸ್ಟ್, ಸಾರ್‌ಕ್ಯಾಂಡ್ರದ ಬೇರಿನ ಮರದಲ್ಲಿ ವಾಹಿನಿಗಳುಂಟೆಂದು ಬರೆದ. ಅಡ್ಡಗೋಡೆ ಪೂರ್ತಿ ಕರಗಿದೆಯೋ ತೆಳುವಾದ ಪೊರೆ ಉಳಿದಿದೆಯೋ ಎಂಬಷ್ಟು ನವುರಾದ ಅಂತರದ ಮೇಲೆ ನಿಂತ ಪ್ರಶ್ನೆ ಇದು. ಸ್ವಾಮಿಯವರು ಇದ್ದಿದ್ದರೆ ಆ ಬಿಲ್ಲೆಯನ್ನು ತರಿಸಿ ನೋಡುತ್ತಿದ್ದರು, ಅನಂತರ ಅದರ ಮೇಲೆ ಒಂದು ಲಘುಪ್ರಬಂಧವನ್ನೂ ಬರೆಯುತ್ತಿದ್ದರು.

ಮರಕ್ಕೂ ತೊಗಟೆಗೂ ನಡುವೆ ಕೇಂಬಿಯಂ ಎಂಬ ತೆಳ್ಳನೆಯ ಪದರವಿದೆ. ಒಳಮುಖಕ್ಕೆ ಕ್ಸೈಲಂ, ಹೊರಮುಖಕ್ಕೆ ಫ್ಲೋಯಂ ಹೀಗೆ ಹೊಸ ಕೋಶಗಳನ್ನು ಕೊಡುತ್ತ ಮರವನ್ನು ದಪ್ಪವಾಗಿಸುವುದು ಇದೇ. ಮಾವಿಗೆ ಕಸಿ ಕಟ್ಟುವ ತೋಟಗಾರ ಎರಡು ರೆಂಬೆಗಳ ಹಸಿಯನ್ನು ಹಸಿಗೆ ಸೇರಿಸಿ ಬಿಗಿಯುತ್ತಾನಲ್ಲ, ಅವನು ಕೂಡಿಸುವುದು ಎರಡು ಕೇಂಬಿಯಂಗಳನ್ನು. ತೆಂಗಿಗೂ ಅಡಕೆಗೂ ಈ ಪದರವಿಲ್ಲ. ಆದ್ದರಿಂದಲೇ ಅವಕ್ಕೆ ಮಾವಿನಂತೆ ಕಸಿ ಕಟ್ಟಲು ಬಾರದು, ಹತ್ತುವುದಕ್ಕಾಗಿ ತೆಂಗಿನ ಮೈಯಲ್ಲಿ ಕಡಿದ ಮೆಟ್ಟಿಲು ಮರ ಇರುವವರೆಗೂ ಮುಚ್ಚಿಕೊಳ್ಳದು.

ಕೊನೆಗೆ ಗಾರೆಯೆಂದು ಕರೆಸಿಕೊಂಡ ಪೇರಂಕೈಮಕ್ಕೆ ಬರೋಣ. ಅಂಗಾಂಶಗಳನ್ನು ಆಕಾರದಿಂದಲ್ಲದೆ ಕೆಲಸದಿಂದ ವಿಂಗಡಿಸಬೇಕೆಂದು 1884ರಲ್ಲಿ ಗ್ರಂಥ ಬರೆದ ಗಾಟ್ಲೀಬ್ ಹಾಬರ್‌ಲಾಂಟ್, 1902ರಲ್ಲಿ ಇನ್ನೊಂದು ಸಾಹಸದ ಮಾತನ್ನಾಡಿದ. ಗಿಡದ ಒಂದೊಂದು ಜೀವಂತ ಕೋಶದಲ್ಲಿಯೂ ಇಡೀ ಗಿಡವಾಗಬಲ್ಲ ಶಕ್ತಿಯಿರಬೇಕು. ಅದನ್ನು ಬಿಡಿಸಿ ಪೋಷಿಸಿದರೆ ಅದು ಪ್ರಕಟವಾಗಬೇಕು. ಎಲೆಯ ಕೋಶಗಳನ್ನು ಬಿಡಿಸಿ ದ್ರಾವಣದಲ್ಲಿಟ್ಟ. ಅವು ಕೆಲವು ವಾರ ಬದುಕಿದವು, ದೊಡ್ಡವೂ ಆದವು. ಒಂದೂ ಒಡೆದು ಎರಡಾಗಲಿಲ್ಲ. 1958ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಸ್ಟ್ಯೂವರ್ಡ್ ಗಜ್ಜರಿಯ ಫ್ಲೋಯಂ ಭಾಗದ ತೆಳುಗೋಡೆಯ ಕೋಶಗಳಿಂದ ಬೇರೂ ಚಿಗುರೂ ಉಳ್ಳ ಗಜ್ಜರಿ ಗಿಡಗಳನ್ನೇ ಬೆಳೆಸಿದ. 1964ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಶಿಪ್ರಾ ಗುಹ ಮತ್ತು ಎಸ್. ಸಿ. ಮಹೇಶ್ವರಿ ದತ್ತೂರಿಯ ಪರಾಗಕೋಶದಿಂದ ಎಳೆಯ ಗಿಡಗಳನ್ನು ಪಡೆದರು. ನಮ್ಮ ರೈತರು ಇಂದು ‘ಅಂಗಾಂಶ ಕೃಷಿಯ ಬಾಳೆ’ ಎಂದು ತಂದು ನೆಡುವ ಸಸಿಗಳು ಬಾಳೆಯ ಚಿಗುರುತುದಿಯಿಂದ ಹೀಗೆ ಸೀಸೆಯಲ್ಲಿ ಬೆಳೆದವು.

ಸ್ಟ್ಯೂವರ್ಡನ ಸೀಸೆಗಳಲ್ಲಿ ಆ ಗಜ್ಜರಿಯ ಕೋಶಗಳನ್ನು ಎಚ್ಚರಿಸಿದ ಪೋಷಕದ್ರವ ಯಾವುದೆಂದು ಹೇಳಬೇಕಲ್ಲವೆ? ಲವಣಗಳೂ ಸಕ್ಕರೆಯೂ ಇದ್ದವು, ಅದರೊಡನೆ ಎಳನೀರು. ಬೀಜದೊಳಗಿನ ಎಳೆಯ ಸಸಿಗೆಂದು ತೆಂಗು ತುಂಬಿಟ್ಟ ಆಹಾರ ಅದು. ಎಳೆಯ ಕಾಯಿಯಲ್ಲಿ ಮೊದಮೊದಲು ಆ ನೀರಿನ ತುಂಬ ನ್ಯೂಕ್ಲಿಯಸ್ಸುಗಳು ಗೋಡೆಯೇ ಇಲ್ಲದೆ ತೇಲುತ್ತಿರುತ್ತವೆ. ಕಾಯಿ ಬಲಿತಂತೆ ಕರಟದ ಅಂಚಿನಿಂದ ಒಂದೊಂದರ ಸುತ್ತಲೂ ಗೋಡೆ ಏಳುತ್ತ ಬರುತ್ತದೆ. ಮೊದಲು ಗಂಜಿ, ಆಮೇಲೆ ಕೊಬ್ಬರಿ.